ಇಪ್ಪತ್ತನಾಲ್ಕರಲ್ಲಿ ಒಂದು ಪಾಲು

ಜಾತ್ರೆಯ ಅಂಗಡಿಯಲ್ಲಿ ದೊರೆಯುವ ತಗಡಿನ ಮೋಟಾರು ಗಾಡಿಗೂ, ಹವ್ಯಾಸಿಯೊಬ್ಬನು ತಿಂಗಳುಗಟ್ಟಲೆ ಕುಳಿತು ಕಟ್ಟಿದ ಕಿರುಗಾಡಿಗೂ ಇರುವ ವ್ಯತ್ಯಾಸವೇನು? ಎರಡೂ ಅಂಗೈ ಮೇಲೆ ನಿಲ್ಲುವ ವಸ್ತುಗಳು. ಎರಡಕ್ಕೂ ನಾಲ್ಕು ಚಕ್ರಗಳುಂಟು. ಎರಡೂ ಯಾರನ್ನೂ ಎಲ್ಲಿಗೂ ಕೊಂಡೊಯ್ಯಲಾರವು. ಆದರೂ ಮೊದಲನೆಯದನ್ನು ಆಟಿಕೆ ಎನ್ನುತ್ತೇವೆ, ಎರಡನೆಯದನ್ನು ಪ್ರತಿಕೃತಿ ಎನ್ನುತ್ತೇವೆ. ವ್ಯತ್ಯಾಸವಿರುವುದು ಅಂದಚೆಂದದಲ್ಲಲ್ಲ, ಬೆಲೆಯಲ್ಲಿಯೂ ಅಲ್ಲ; ಅಳತೆಯಲ್ಲಿ. ಆಟಿಕೆಯನ್ನು ಮಾಡುವವನಿಗೆ ಅಳತೆಯ ಹಂಗಿಲ್ಲ. ನೋಡಿದ ಮಗು ‘ಕಾರು’ ಎಂದರೆ ಅವನ ಕೆಲಸ ಮುಗಿಯಿತು. ಪ್ರತಿಕೃತಿಯನ್ನು ಕಟ್ಟುವವನಾದರೋ ಒಂದು ಮಾತನ್ನು ಕೊಟ್ಟಿರುತ್ತಾನೆ: “ಈ ಗಾಡಿಯ ಯಾವ ಭಾಗವನ್ನಾದರೂ ಅಳೆಯಿರಿ, ಇಪ್ಪತ್ತನಾಲ್ಕರಿಂದ ಗುಣಿಸಿರಿ, ಬೀದಿಯಲ್ಲಿ ನಿಂತಿರುವ ಕಾರಿನ ಅಳತೆ ಬರುವುದು.” ಹೀಗೆ ಮಾತು ಕೊಟ್ಟೊಡನೆ ಅದನ್ನು ಪರೀಕ್ಷಿಸುವ ಅಧಿಕಾರವು ಇತರರಿಗೆ ಬರುತ್ತದೆ. ಮೇಲುನೋಟಕ್ಕೆ ಏಕಾಂತದ ಹವ್ಯಾಸವಾಗಿ ತೋರುವ ಈ ಕೆಲಸಕ್ಕೆ ಜೊತೆಗಾರರು ಏಕೆ ಬೇಕು ಎಂಬುದಕ್ಕೆ ಕಾರಣವೂ ಇದೇ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 1950ರ ದಶಕದ ಕೊನೆಯಿಂದ 2014ರ ವರೆಗೆ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾದ ಅಂಬಾಸಡರ್ ಕಾರನ್ನು ಬಲ್ಲವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಅದರ ಮುಂದಿನ ಇರುಸಿಗೂ ಹಿಂದಿನ ಇರುಸಿಗೂ ನಡುವಣ ದೂರವು ಸುಮಾರು 2,464 ಮಿಲಿಮೀಟರ್. ಇದನ್ನು 24ರಿಂದ ಭಾಗಿಸಿದರೆ 102.7 ಮಿಲಿಮೀಟರ್ ಬರುವುದು. ಪ್ರತಿಕೃತಿಯಲ್ಲಿ ಈ ದೂರವು 105 ಮಿಲಿಮೀಟರ್ ಆದರೆ ನಷ್ಟವೇನು ಎಂದು ಕೆಲವರು ಕೇಳಬಹುದು. ಎರಡು ಮಿಲಿಮೀಟರಿಗೂ ಕೊಂಚ ಮಿಕ್ಕ ಈ ತಪ್ಪು ನಿಜವಾದ ಕಾರಿನಲ್ಲಿ 56 ಮಿಲಿಮೀಟರಿನಷ್ಟಾಗುತ್ತದೆ. ಎಂದರೆ ಮೂರು ಬೆರಳಿನ ಅಗಲ. ಹಿಂದಿನ ಚಕ್ರವು ತನ್ನ ಕಮಾನಿನ ನಡುವೆ ನಿಲ್ಲದೆ ಹಿಂದಕ್ಕೆ ಸರಿದಿರುತ್ತದೆ. ಆ ಕಾರಿನಲ್ಲಿ ದಿನವೂ ಓಡಾಡಿದವನು ಅಳತೆಪಟ್ಟಿಯನ್ನು ಹಿಡಿಯದೆಯೇ “ಏನೋ ಸರಿಯಿಲ್ಲ” ಎನ್ನುವನು. ಏನು ಸರಿಯಿಲ್ಲವೆಂಬುದನ್ನು ಹೇಳಲು ಮಾತ್ರ ಅವನಿಗೆ ಸಾಧ್ಯವಾಗದು. ಮನುಷ್ಯನ ಕಣ್ಣು ಅಳತೆಗಳ ನಿಷ್ಪತ್ತಿಯನ್ನು ಹಿಡಿಯುವುದರಲ್ಲಿ ಅಷ್ಟು ಚುರುಕು.

ಇಪ್ಪತ್ತನಾಲ್ಕೇ ಏಕೆ, ಇಪ್ಪತ್ತು ಅಥವಾ ಇಪ್ಪತ್ತೈದು ಏಕಾಗಬಾರದು ಎಂಬ ಸಂದೇಹವು ಸಹಜ. ಉತ್ತರವು ಇಂಗ್ಲಿಷರ ಅಡಿ-ಅಂಗುಲಗಳಲ್ಲಿದೆ. ಒಂದು ಅಡಿಯನ್ನು ಒಂದು ಅಂಗುಲಕ್ಕೆ ಇಳಿಸಿದರೆ ಹನ್ನೆರಡರಲ್ಲಿ ಒಂದು. ಅರ್ಧ ಅಂಗುಲಕ್ಕೆ ಇಳಿಸಿದರೆ ಇಪ್ಪತ್ತನಾಲ್ಕರಲ್ಲಿ ಒಂದು. ನಲವತ್ತಮೂರರಲ್ಲಿ ಒಂದು ಎಂಬ ವಿಚಿತ್ರವಾದ ಪ್ರಮಾಣವು ಆಟದ ರೈಲುಗಳಿಂದ ಬಂದುದು. ಅಲ್ಲಿ ಅಡಿಗೆ ಏಳು ಮಿಲಿಮೀಟರ್ ಎಂಬ ಲೆಕ್ಕವಿತ್ತು. ಅಡಿಯನ್ನು ಒಂದು ಪದ್ಧತಿಯಿಂದಲೂ ಮಿಲಿಮೀಟರನ್ನು ಇನ್ನೊಂದು ಪದ್ಧತಿಯಿಂದಲೂ ತೆಗೆದುಕೊಂಡ ಈ ಬೆರಕೆಯಿಂದ 43.5 ಎಂಬ ಸಂಖ್ಯೆ ಹುಟ್ಟಿತು. ಅಮೆರಿಕದ ಎಎಂಟಿ ಎಂಬ ಸಂಸ್ಥೆಯು ಇಪ್ಪತ್ತೈದರಲ್ಲಿ ಒಂದು ಪಾಲನ್ನು ಬಳಕೆಗೆ ತಂದಿತು. ಮೊದಲಿಗೆ ಅದು ಕಾರು ಮಾರುವವರಿಗೆ ಹೊಸ ಕಾರುಗಳ ಸಿದ್ಧಪ್ರತಿಕೃತಿಗಳನ್ನು ಮಾಡಿಕೊಡುತ್ತಿತ್ತು. 1958ರಲ್ಲಿ, ಒಂದೇ ಪೆಟ್ಟಿಗೆಯ ಬಿಡಿಭಾಗಗಳಿಂದ ಮೂರು ಬಗೆಯಲ್ಲಿ ಕಟ್ಟಬಹುದಾದ ಕಾರುಗಳನ್ನು ಹೊರತಂದಿತು. ಇನ್ನು ಕೆಲವರು ಮೊದಲು ರಟ್ಟಿನ ಪೆಟ್ಟಿಗೆಯ ಉದ್ದವನ್ನು ನಿಶ್ಚಯಿಸಿ, ಅದರಲ್ಲಿ ಹಿಡಿಸುವಷ್ಟು ದೊಡ್ಡದಾಗಿ ಕಾರನ್ನು ಮಾಡುತ್ತಿದ್ದುದೂ ಉಂಟು. ಅದನ್ನು ಹವ್ಯಾಸಿಗಳು ‘ಪೆಟ್ಟಿಗೆಯ ಪ್ರಮಾಣ’ ಎಂದು ಹಾಸ್ಯ ಮಾಡುತ್ತಾರೆ.

ಅಳತೆಯ ನಿಷ್ಠೆ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಜಪಾನಿನ ಶಿಜುಓಕಾ ನಗರದ ತಮಿಯಾ ಸಂಸ್ಥೆಯು ಒಳ್ಳೆಯ ನಿದರ್ಶನ. 1970ರ ದಶಕದಲ್ಲಿ ಪೋರ್ಷೆ ಪಂದ್ಯದ ಕಾರಿನ ಹನ್ನೆರಡರಲ್ಲೊಂದು ಪಾಲಿನ ಪ್ರತಿಕೃತಿಯನ್ನು ಸಿದ್ಧಪಡಿಸುವಾಗ, ಚಿತ್ರಗಳಿಂದ ತಿಳಿಯದ ಸಂಗತಿಗಳನ್ನು ತಿಳಿಯುವ ಸಲುವಾಗಿ ಅವರು ನಿಜವಾದ ಪೋರ್ಷೆ 911 ಕಾರೊಂದನ್ನೇ ಕೊಂಡು, ಬಿಚ್ಚಿ, ಭಾಗಭಾಗವನ್ನೂ ಅಳೆದರು.

ಇಷ್ಟಾದ ಮೇಲೆ, ಎಲ್ಲವನ್ನೂ ಇಪ್ಪತ್ತನಾಲ್ಕರಿಂದ ಭಾಗಿಸುತ್ತ ಹೋದರೆ ಪ್ರತಿಕೃತಿಯು ತಾನಾಗಿ ಸಿದ್ಧವಾಗುವುದೆಂದು ಭಾವಿಸಿದರೆ ಅದು ತಪ್ಪು. ನಿಜವಾದ ವಿಚಾರವು ಇಲ್ಲಿಂದ ಮುಂದೆ ಆರಂಭವಾಗುತ್ತದೆ. ಕಾರಿನ ಮೈಯ ಉಕ್ಕಿನ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ. ಅದರ ಇಪ್ಪತ್ತನಾಲ್ಕನೆಯ ಒಂದು ಪಾಲು 0.04 ಮಿಲಿಮೀಟರ್, ವಾಚಕರ ಕೈಯಲ್ಲಿರುವ ಕಾಗದಕ್ಕಿಂತಲೂ ತೆಳುವು. ಇಷ್ಟು ತೆಳುವಾದ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಎರೆಯುವುದು ಸಾಧ್ಯವಿಲ್ಲ. ಪ್ರತಿಕೃತಿಗಳಿಗೆ ಬಳಸುವ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಸುಮಾರು 200 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಭಾರಿ ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ತುಂಬುತ್ತಾರೆ. ಜೇನಿನಂತೆ ಮಂದವಾಗಿ ಹರಿಯುವ ಆ ದ್ರವವು ತಣ್ಣನೆಯ ಉಕ್ಕನ್ನು ಸೋಕಿದೊಡನೆ ಗಟ್ಟಿಯಾಗತೊಡಗುತ್ತದೆ. ಸಂದು ತೀರ ಕಿರಿದಾದರೆ, ಮೂಲೆಯನ್ನು ಮುಟ್ಟುವ ಮೊದಲೇ ಅದು ಹೆಪ್ಪುಗಟ್ಟಿಬಿಡುವುದು. ಆದುದರಿಂದ ಪ್ರತಿಕೃತಿಯ ಗೋಡೆಯು ಒಂದು ಮಿಲಿಮೀಟರಿಗಿಂತ ಹೆಚ್ಚು ತೆಳುವಾಗುವುದು ಅಪರೂಪ. ಇದನ್ನು ನಿಜಗಾತ್ರಕ್ಕೆ ಏರಿಸಿದರೆ 24 ಮಿಲಿಮೀಟರ್ ದಪ್ಪದ ಉಕ್ಕಾಗುತ್ತದೆ. ಯುದ್ಧದ ಟ್ಯಾಂಕಿಗೆ ತಕ್ಕುದು, ಟ್ಯಾಕ್ಸಿಗಲ್ಲ. ಅನುಭವಿಯಾದ ಹವ್ಯಾಸಿಯು ಇದಕ್ಕೆ ಒಂದು ಉಪಾಯ ಮಾಡುತ್ತಾನೆ. ಗೋಡೆ ದಪ್ಪವಾಗಿದ್ದರೂ ಕಣ್ಣಿಗೆ ಬೀಳುವುದು ಅದರ ಅಂಚು ಮಾತ್ರವಷ್ಟೆ? ಚಕ್ರದ ಕಮಾನು, ಬಾನೆಟ್ಟು, ಕಿಟಕಿಯ ಚೌಕಟ್ಟು ಇವುಗಳ ಅಂಚನ್ನು ಒಳಮಗ್ಗುಲಿನಿಂದ ಅರದಿಂದ ಉಜ್ಜಿ ಕತ್ತಿಯ ಬಾಯಿಯಂತೆ ತೆಳುಮಾಡುತ್ತಾನೆ. ನೋಡುವವರು ಇಡೀ ಗೋಡೆಯೇ ತೆಳುವೆಂದು ನಂಬುತ್ತಾರೆ.

ಬಣ್ಣದ ಕಥೆಯೂ ಇಂಥದೇ. ಕಾರಿನ ಮೇಲೆ ಬಣ್ಣದ ಪದರಗಳೆಲ್ಲವೂ ಸೇರಿ ಸುಮಾರು 0.1 ಮಿಲಿಮೀಟರ್ ಇರುತ್ತವೆ. ಪ್ರತಿಕೃತಿಯ ಮೇಲೆ ಅದು 0.004 ಮಿಲಿಮೀಟರ್ ಆಗಬೇಕು. ಎಷ್ಟೇ ನಾಜೂಕಾಗಿ ಸಿಂಪಡಿಸಿದರೂ ಇದರ ಹತ್ತರಷ್ಟು ದಪ್ಪವಾಗಿಯೇ ತೀರುತ್ತದೆ. ಬಾಗಿಲಿಗೂ ಮೈಗೂ ನಡುವಣ ಸಂದು ನಿಜವಾದ ಕಾರಿನಲ್ಲಿ ಐದು ಮಿಲಿಮೀಟರ್ ಇದ್ದರೆ ಇಲ್ಲಿ 0.2 ಮಿಲಿಮೀಟರ್, ಎರಡು ದಡಗಳಿಗೂ ಬಣ್ಣ ಕೂತರೆ ಆ ಕಾಲುವೆಯು ಹೂಳು ತುಂಬಿದ ಕೆರೆಯಂತಾಗುತ್ತದೆ. ಕುಂಚದಲ್ಲಿ ಬಳಿದರೆ ಹೇಳುವುದೇ ಬೇಡ. ಬೆಳ್ಳಿಯಂತೆ ಮಿನುಗುವ ಬಣ್ಣವಾದರೆ ಇನ್ನೊಂದು ತೊಡಕು. ಅದರ ಮಿನುಗಿಗೆ ಕಾರಣವಾದ ಅಲ್ಯೂಮಿನಿಯಂ ಚೂರುಗಳು ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವಷ್ಟು ದೊಡ್ಡವಲ್ಲ, ಆದರೆ 0.03 ಮಿಲಿಮೀಟರಿನ ಚೂರು ಕಿರುಗಾಡಿಯ ಮೇಲೆ ಕುಳಿತಾಗ, ದೊಡ್ಡ ಕಾರಿನ ಮೇಲೆ ಮುಕ್ಕಾಲು ಮಿಲಿಮೀಟರಿನ ರವೆ ಚೆಲ್ಲಿದಂತಾಗುವುದು. ಆದುದರಿಂದ ಪ್ರತಿಕೃತಿಗಳಿಗಾಗಿ ಹೆಚ್ಚು ನುಣ್ಣಗೆ ಅರೆದ ಬಣ್ಣವನ್ನೇ ಆರಿಸಬೇಕು.

ಹವ್ಯಾಸಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ವಾದವನ್ನೂ ಇಲ್ಲಿಯೇ ಹೇಳಿಬಿಡಬಹುದು. ದೂರದ ವಸ್ತುಗಳ ಬಣ್ಣವು ನಡುವಣ ಗಾಳಿಯಿಂದ ಮಾಸಲಾಗಿ ತೋರುವುದರಿಂದ, ಪ್ರತಿಕೃತಿಗೆ ಹಚ್ಚುವ ಬಣ್ಣಕ್ಕೂ ತುಸು ಬಿಳುಪನ್ನು ಬೆರೆಸಬೇಕೆಂದು ಕೆಲವರ ಮತ. ಲೆಕ್ಕ ಹಾಕಿ ನೋಡೋಣ. ಕಿರುಗಾಡಿಯನ್ನು ಅರ್ಧ ಮೀಟರ್ ದೂರದಿಂದ ನೋಡುವುದು ನಿಜವಾದ ಕಾರನ್ನು 12 ಮೀಟರ್ ದೂರದಿಂದ ನೋಡಿದುದಕ್ಕೆ ಸಮ. ಹನ್ನೆರಡು ಮೀಟರ್ ಗಾಳಿಯು ಬೀದಿಯಾಚೆಯ ಕಾರಿನ ಬಣ್ಣವನ್ನು ಮಾಸಿಸುವುದನ್ನು ನಾವಂತೂ ಕಂಡಿಲ್ಲ. ವಿಮಾನ, ಹಡಗುಗಳ ತೀರ ಚಿಕ್ಕ ಪ್ರತಿಕೃತಿಗಳ ವಿಷಯದಲ್ಲಿ ಈ ವಾದಕ್ಕೆ ಕೊಂಚ ಬಲವಿರಬಹುದು. ಕಾರಿಗೆ ಅದು ಅನಾವಶ್ಯಕವೆಂದು ನಮ್ಮ ಅಭಿಪ್ರಾಯ.

ಗಾತ್ರವು ಇಳಿದಾಗ ಎಲ್ಲ ಗುಣಗಳೂ ಒಂದೇ ಲೆಕ್ಕದಲ್ಲಿ ಇಳಿಯುವುದಿಲ್ಲವೆಂಬುದನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಉದ್ದವು ಇಪ್ಪತ್ತನಾಲ್ಕರಲ್ಲಿ ಒಂದಾದರೆ, ಮೇಲ್ಮೈಯ ವಿಸ್ತೀರ್ಣವು 24 × 24, ಎಂದರೆ 576ರಲ್ಲಿ ಒಂದಾಗುತ್ತದೆ. ಘನಫಲವಾದರೋ 24 × 24 × 24, ಎಂದರೆ 13,824ರಲ್ಲಿ ಒಂದಾಗುತ್ತದೆ. ಸುಮಾರು 1,100 ಕಿಲೋಗ್ರಾಂ ತೂಗುವ ಕಾರನ್ನು ಅದೇ ಉಕ್ಕು, ಅದೇ ರಬ್ಬರು, ಅದೇ ಗಾಜಿನಿಂದ ಈ ಪ್ರಮಾಣಕ್ಕೆ ಇಳಿಸಬಹುದಾಗಿದ್ದರೆ ಅದರ ತೂಕವು ಕೇವಲ 80 ಗ್ರಾಂ. ಇದರ ಪರಿಣಾಮವನ್ನು ಟೈರುಗಳಲ್ಲಿ ಕಾಣಬಹುದು. ಬೀದಿಯಲ್ಲಿ ನಿಂತಿರುವ ಯಾವ ಕಾರಿನ ಟೈರೂ ಪೂರ್ಣವಾಗಿ ದುಂಡಗಿರುವುದಿಲ್ಲ. ಭಾರದಿಂದ ತಳವು ಚಪ್ಪಟೆಯಾಗಿ ಪಕ್ಕಗಳು ಉಬ್ಬಿರುತ್ತವೆ. ಪ್ರತಿಕೃತಿಯಲ್ಲಿ ಭಾರವು 13,824ರಲ್ಲಿ ಒಂದಕ್ಕೆ ಇಳಿದರೂ ಅದನ್ನು ಹೊರುವ ವಿಸ್ತೀರ್ಣವು 576ರಲ್ಲಿ ಒಂದಕ್ಕೆ ಮಾತ್ರ ಇಳಿದಿರುತ್ತದೆ. ಆದುದರಿಂದ ಟೈರಿನ ಮೇಲೆ ಬೀಳುವ ಒತ್ತಡವು ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಟೈರು ತಿಲಮಾತ್ರವೂ ತಗ್ಗದೆ ಬಳೆಯಂತೆ ದುಂಡಗೆ ನಿಲ್ಲುತ್ತದೆ, ಗಾಡಿಯು ನೆಲದ ಮೇಲೆ ತೇಲುತ್ತಿರುವಂತೆ ತೋರುತ್ತದೆ. ಹೊಸಬರು ಕಟ್ಟಿದ ಎಷ್ಟೋ ಸೊಗಸಾದ ಪ್ರತಿಕೃತಿಗಳು ಆಟಿಕೆಯಂತೆ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಟೈರಿನ ತಳವನ್ನು ಸ್ಯಾಂಡ್ ಪೇಪರಿನ ಮೇಲೆ ನಾಲ್ಕಾರು ಬಾರಿ ಉಜ್ಜಿ ಚಪ್ಪಟೆ ಮಾಡಿದರೆ ಸಾಕು, ಗಾಡಿಗೆ ಒಮ್ಮೆಲೇ ತೂಕ ಬರುತ್ತದೆ. ದುಂಡಗಿನ ಚಕ್ರವನ್ನು ಕೆಡಿಸಿದಾಗಲೇ ಅದು ನಿಜವಾಗುತ್ತದೆಂಬುದು ಮೊದಲು ಕೇಳಿದವರಿಗೆ ವಿನೋದವಾಗಿ ತೋರಬಹುದು.

ಚಲನಚಿತ್ರಗಳಲ್ಲಿ ಕಿರುಗಾಡಿಯು ಬಂಡೆಯಿಂದ ಉರುಳುವ ದೃಶ್ಯವನ್ನು ತೆಗೆಯುವವರಿಗೂ ಇದೇ ಬಗೆಯ ಪೇಚು. 2.4 ಮೀಟರ್ ಎತ್ತರದಿಂದ ಬೀಳಲು 0.7 ಸೆಕೆಂಡು ಹಿಡಿದರೆ, ಅದರ ಇಪ್ಪತ್ತನಾಲ್ಕನೆಯ ಒಂದು ಪಾಲಾದ 10 ಸೆಂಟಿಮೀಟರ್ ಬೀಳಲು 0.14 ಸೆಕೆಂಡು ಹಿಡಿಯುವುದು. ಕಾಲವು ಇಪ್ಪತ್ತನಾಲ್ಕರಷ್ಟು ಇಳಿಯದೆ ಅದರ ವರ್ಗಮೂಲದಷ್ಟು, ಎಂದರೆ ಸುಮಾರು ಐದರಷ್ಟು ಮಾತ್ರ ಇಳಿಯಿತು. ಸೆಕೆಂಡಿಗೆ 24 ಚಿತ್ರಗಳ ಬದಲು ಸುಮಾರು 120 ಚಿತ್ರಗಳನ್ನು ತೆಗೆದು, ಬಳಿಕ ಎಂದಿನ ವೇಗದಲ್ಲಿ ತೋರಿಸಿದರೆ ಕಿರುಗಾಡಿಯು ಭಾರವಾದ ಕಾರಿನಂತೆ ನಿಧಾನವಾಗಿ ಉರುಳುತ್ತದೆ.

ಇನ್ನು ಅಂಟಿನ ವಿಷಯ. ರಸಾಯನಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಇದು ವಿಶೇಷವಾಗಿ ರುಚಿಸಬಹುದು. ಪಾಲಿಸ್ಟೈರೀನಿನ ಭಾಗಗಳನ್ನು ಕೂಡಿಸಲು ಬಳಸುವ ತೆಳುದ್ರವವು ಗೋಂದಿನಂತೆ ನಡುವೆ ನಿಂತು ಹಿಡಿಯುವ ವಸ್ತುವಲ್ಲ; ಅದೊಂದು ದ್ರಾವಕ. ಪಾಲಿಸ್ಟೈರೀನಿನ ಅಣುಗಳು ಉದ್ದವಾದ ಸರಪಳಿಗಳು. ದ್ರಾವಕವು ಸೋಕಿದಾಗ ಎರಡು ಅಂಚುಗಳಲ್ಲಿಯೂ ಈ ಸರಪಳಿಗಳು ಸಡಿಲವಾಗಿ, ಒಂದರ ಕಡೆಯಿಂದ ಇನ್ನೊಂದರ ಕಡೆಗೆ ನುಗ್ಗಿ ಹೆಣೆದುಕೊಳ್ಳುತ್ತವೆ. ಬಳಿಕ ದ್ರಾವಕವು ಆವಿಯಾಗಿ ಹೋಗುತ್ತದೆ. ಉಳಿಯುವುದು ಒಂದೇ ತುಂಡಾದ ಪ್ಲಾಸ್ಟಿಕ್ಕು. ಇದನ್ನು ಅಂಟಿಸುವುದೆನ್ನುವುದಕ್ಕಿಂತ ಬೆಸೆಯುವುದೆಂದರೆ ಸರಿ. ಎರಡು ಭಾಗಗಳನ್ನು ಒತ್ತಿ ಹಿಡಿದು ಸಂದಿಗೆ ಕುಂಚದ ತುದಿಯನ್ನು ಮುಟ್ಟಿಸಿದರೆ ಸಾಕು, ದೀಪದ ಬತ್ತಿಗೆ ಎಣ್ಣೆ ಏರುವಂತೆ ದ್ರವವು ತಾನಾಗಿ ಸಂದಿನುದ್ದಕ್ಕೂ ಓಡುವುದು. ಈ ಆವಿಯು ಬೆಂಕಿಗೆ ಬೇಗ ಹತ್ತಿಕೊಳ್ಳುವಂಥದು, ಉಸಿರಿಗೂ ಒಳ್ಳೆಯದಲ್ಲ. ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ದೀಪವಾಗಲಿ ಒಲೆಯಾಗಲಿ ಇರಕೂಡದು.

ಎಲ್ಲೆಡೆಯೂ ದೊರೆಯುವ, ಕ್ಷಣದಲ್ಲಿ ಹಿಡಿಯುವ ಅಂಟು ಬೇರೆಯ ಜಾತಿಯದು. ಅದರಿಂದ ನಾವು ಪಟ್ಟ ಪಾಡನ್ನು ಹೇಳಲೇಬೇಕು. ಪ್ಲಾಸ್ಟಿಕ್ ಹಾಳೆ ಮತ್ತು ರಟ್ಟಿನಿಂದ ಅಂಬಾಸಡರಿನ ಪ್ರತಿಕೃತಿಯೊಂದನ್ನು ಕಟ್ಟುತ್ತಿದ್ದೆವು. ಪರಿಚಿತರೊಬ್ಬರ ಹಳೆಯ ಕಾರಿನ ಕೆಳಗೆ ಮಲಗಿ ಅಳತೆಗಳನ್ನು ಬರೆದುಕೊಂಡದ್ದೇ ಎರಡು ಭಾನುವಾರಗಳ ಕೆಲಸ. ಹವ್ಯಾಸಿಗಳು ಕೂಡುವ ಹಿಂದಿನ ರಾತ್ರಿ, ಮುಂದಿನ ಗಾಜಿಗಾಗಿ ಕತ್ತರಿಸಿದ ಪಾರದರ್ಶಕ ಹಾಳೆಯನ್ನು ಆ ಅಂಟಿನಿಂದ ಕೂರಿಸಿ, ಧೂಳು ಬೀಳದಿರಲೆಂದು ಗಾಡಿಯನ್ನು ಡಬ್ಬಿಯೊಳಗಿಟ್ಟು ಮಲಗಿದೆವು. ಬೆಳಗ್ಗೆ ನೋಡಿದರೆ ಗಾಜುಗಳಿಗೆಲ್ಲ ಮಡಿಕೇರಿಯ ಮಂಜು ಕವಿದಿತ್ತು! ಒರಸಿದರೆ ಹೋಗಲೊಲ್ಲದು. ನಾಚಿಕೆಯಿಂದಲೇ ಅದನ್ನು ಕೊಂಡೊಯ್ದು ಮೇಜಿನ ಕೊನೆಯಲ್ಲಿಟ್ಟೆವು. ಅಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯು ಗಾಡಿಯನ್ನು ಕಂಡವನೇ ನಗದೆ, “ಡಬ್ಬಿ ಮುಚ್ಚಿದ್ದಿರಾ?” ಎಂದು ಕೇಳಿದನು. ಅವನು ವಿವರಿಸಿದ ಕಾರಣವಿಷ್ಟು: ಆ ಅಂಟು ಗಟ್ಟಿಯಾಗುವುದು ಮೇಲ್ಮೈಯ ಮೇಲಿರುವ ತೇವದ ಪದರದಿಂದ. ಗಟ್ಟಿಯಾಗುವ ಮೊದಲು ಸ್ವಲ್ಪ ಭಾಗವು ಆವಿಯಾಗಿ ಮೇಲೇಳುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಹತ್ತಿರದ ನುಣುಪಾದ ಗಾಜಿನ ಮೇಲೆಯೇ ಇಳಿದು, ಅಲ್ಲಿನ ತೇವದಿಂದ ಬಿಳಿಯ ಪುಡಿಯಾಗಿ ಗಟ್ಟಿಯಾಗುತ್ತದೆ. ಗಾಜಿಗೆ ಬಡಗಿಗಳು ಮರಕ್ಕೆ ಹಚ್ಚುವ ಬಿಳಿಯ ಅಂಟೇ ಮೇಲು. ಒಣಗಿದಾಗ ಅದು ಕಾಣುವುದೂ ಇಲ್ಲ. ಇದನ್ನು ಅವನು ಎಲ್ಲಿ ಕಲಿತನೆಂದು ಕೇಳಿದೆವು. “ನನ್ನದೂ ಹೀಗೇ ಎರಡು ಹಾಳಾಗಿವೆ, ಸಾರ್,” ಎಂದನು.

ಅದೇ ಮೇಜಿನ ಮೇಲೆ ಇನ್ನೊಬ್ಬರ ಹಳೆಯ ಪ್ರತಿಕೃತಿಯ ಚಕ್ರಗಳು ಕರಗಿದಂತಾಗಿದ್ದವು. ಅನೇಕ ಮೃದು ಟೈರುಗಳು ನಿಜವಾಗಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. ಅವನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತುವು ವರ್ಷಗಳು ಕಳೆದಂತೆ ಮೆಲ್ಲನೆ ಒಸರಿ, ತಾನು ಮುಟ್ಟಿದ ಪಾಲಿಸ್ಟೈರೀನನ್ನು ಕೊರೆಯುತ್ತದೆ. ಕಟ್ಟಿದ ದಿನ ಯಾವ ದೋಷವೂ ಕಾಣುವುದಿಲ್ಲ. ಹತ್ತು ವರ್ಷಗಳ ಬಳಿಕ ಕಾಣುವ ದೋಷವನ್ನು ಹತ್ತು ವರ್ಷ ಹಿಂದೆ ಕಟ್ಟಿದವನಿಂದಲ್ಲದೆ ಬೇರೆ ಯಾರಿಂದ ತಿಳಿಯಲು ಸಾಧ್ಯ?

ಹವ್ಯಾಸಿಗಳ ಇಂಥ ಕೂಟಗಳಿಗೆ ದೀರ್ಘವಾದ ಇತಿಹಾಸವಿದೆ. ಅಮೆರಿಕದಲ್ಲಿ ಜನರಲ್ ಮೋಟಾರ್ಸಿನ ಫಿಶರ್ ಬಾಡಿ ವಿಭಾಗವು 1930ರಲ್ಲಿ ಬಾಲಕರಿಗಾಗಿ ‘ಕ್ರಾಫ್ಟ್ಸ್‌ಮನ್ಸ್ ಗಿಲ್ಡ್’ ಎಂಬ ಸ್ಪರ್ಧೆಯನ್ನು ಆರಂಭಿಸಿತು. ಮೊದಲಿಗೆ ನೆಪೋಲಿಯನ್ನನ ಕಾಲದ ರಾಜರಥವೊಂದರ ಪ್ರತಿಕೃತಿಯನ್ನು, ಕೊಟ್ಟ ನಕ್ಷೆಯಿಂದ ಕೂದಲೆಳೆಯೂ ತಪ್ಪದಂತೆ ಮಾಡಬೇಕಾಗಿತ್ತು. ಮುಂದೆ ಹುಡುಗರು ತಾವೇ ಕಲ್ಪಿಸಿದ ಕಾರನ್ನು ಹನ್ನೆರಡರಲ್ಲೊಂದು ಪಾಲಿನಲ್ಲಿ ಮರದ ದಿಮ್ಮಿಯಿಂದ ಕೆತ್ತಿ ಕಳುಹಿಸತೊಡಗಿದರು. ಬಹುಮಾನಗಳು ಸಾವಿರಾರು ಡಾಲರುಗಳ ವಿದ್ಯಾರ್ಥಿವೇತನಗಳು. ಬಡವರ ಮನೆಯ ಹುಡುಗನೊಬ್ಬನು ಚಾಕು, ಅರಗಳ ಬಲದಿಂದಲೇ ಕಾಲೇಜಿನ ಮೆಟ್ಟಿಲನ್ನು ಏರಬಹುದಾಗಿತ್ತು. 1947ರಲ್ಲಿ ಗೆದ್ದ ಚಾರ್ಲ್ಸ್ ಜೋರ್ಡನ್ ಎಂಬ ವಿದ್ಯಾರ್ಥಿಯು ಮುಂದೆ ಅದೇ ಜನರಲ್ ಮೋಟಾರ್ಸಿನಲ್ಲಿ ವಿನ್ಯಾಸ ವಿಭಾಗದ ಮುಖ್ಯಸ್ಥನಾದನು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಸಂಸ್ಥೆಯ ವಿನ್ಯಾಸಶಾಲೆಯನ್ನು 1927ರಿಂದ ನಡೆಸಿದ ಹಾರ್ಲೆ ಅರ್ಲ್ ಹೊಸ ಕಾರುಗಳ ಆಕಾರವನ್ನು ಜೇಡಿಮಣ್ಣಿನ ಪ್ರತಿಕೃತಿಗಳಲ್ಲಿಯೇ ನಿಶ್ಚಯಿಸುತ್ತಿದ್ದನು. ಕೈಯಿಂದ ಆಕಾರ ಕೊಡಬಲ್ಲವರು ಅಲ್ಲಿಗೆ ಬೇಕಾಗಿದ್ದರು. 1968ರಲ್ಲಿ ಸ್ಪರ್ಧೆಯು ನಿಂತಿತು. ಅಲ್ಲಿಯವರೆಗೂ ಅದರ ಬಾಗಿಲು ಬಾಲಕಿಯರಿಗೆ ತೆರೆಯಲಿಲ್ಲವೆಂಬುದು ಅದಕ್ಕೆ ಕಳಂಕವೆಂದೇ ಹೇಳಬೇಕು.

ಈಗ ಶಿಜುಓಕಾ ನಗರದಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ನಡೆಯುವ ಪ್ರದರ್ಶನಕ್ಕೆ ಹವ್ಯಾಸಿ ಸಂಘಗಳು ತಮ್ಮ ತಮ್ಮ ಮೇಜುಗಳೊಡನೆ ಬಂದು ಸೇರುತ್ತವೆ. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಹುಟ್ಟಿದ ಪ್ಲಾಸ್ಟಿಕ್ ಪ್ರತಿಕೃತಿಕಾರರ ಅಂತರರಾಷ್ಟ್ರೀಯ ಸಂಘಕ್ಕೆ ಹಲವು ದೇಶಗಳಲ್ಲಿ ಶಾಖೆಗಳುಂಟು. ಅದರ ಸ್ಪರ್ಧೆಗಳ ತೀರ್ಪುಗಾರರು ಕೈಯಲ್ಲಿ ಚಿಕ್ಕ ದೀಪವನ್ನು ಹಿಡಿದು ಮೊದಲು ನೋಡುವುದು ಬಣ್ಣದ ಹೊಳಪನ್ನಲ್ಲ. ನಾಲ್ಕು ಚಕ್ರಗಳೂ ನೆಲವನ್ನು ಮುಟ್ಟಿವೆಯೇ, ಬೆಸುಗೆಯ ಗೆರೆ ಉಳಿದಿದೆಯೇ ಎಂಬ ಸಾಮಾನ್ಯ ಸಂಗತಿಗಳನ್ನು. ಆದರೆ ನಮ್ಮ ಅನುಭವದಲ್ಲಿ ಎಲ್ಲರಿಗಿಂತ ಕಠಿನರಾದ ತೀರ್ಪುಗಾರರು ಸಂಘಗಳಿಗೆ ಸೇರಿದವರೇ ಅಲ್ಲ.

ಮಂಜು ಕವಿದ ಆ ಅಂಬಾಸಡರಿನ ಮುಂದೆ ಮಧ್ಯಾಹ್ನದ ಹೊತ್ತಿಗೆ ವೃದ್ಧರೊಬ್ಬರು ಬಂದು ನಿಂತರು. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರು. ಪಕ್ಕದ ಕಿಟಕಿಯಿಂದ ಬಹಳ ಹೊತ್ತು ಒಳಗೆ ಇಣುಕಿ ನೋಡಿ, “ಗೇರು ಎಲ್ಲಿ ಹಾಕಿದ್ದೀರಿ, ಸ್ವಾಮಿ?” ಎಂದರು. ನೆಲದ ಮೇಲೆ, ಎರಡು ಆಸನಗಳ ನಡುವೆ ನೆಟ್ಟಿದ್ದ ಕಡ್ಡಿಯನ್ನು ತೋರಿಸಿದೆವು. ನಾವು ಅಳೆದ ಕಾರು ತಡವಾಗಿ ಬಂದ ಮಾದರಿ. ಅದರಲ್ಲಿ ಗೇರು ನೆಲದ ಮೇಲೆಯೇ ಇತ್ತು. ನಮ್ಮ ಪ್ರತಿಕೃತಿಯ ಮುಖವಾದರೋ ಹಳೆಯ ಮಾದರಿಯದು. ಅವರು ತಲೆಯಾಡಿಸಿ, ಎಡಗೈಯನ್ನು ಗಾಳಿಯಲ್ಲಿ ಎತ್ತಿ, ಕಾಣದ ಸ್ಟಿಯರಿಂಗಿನ ಪಕ್ಕದಲ್ಲಿ ಒಂದನೆಯ ಗೇರನ್ನೂ ಎರಡನೆಯದನ್ನೂ ಹಾಕಿ ತೋರಿಸಿದರು. “ಮುಂದಿನ ಸೀಟಿನಲ್ಲಿ ಮೂರು ಜನ ಕೂರುತ್ತಿದ್ದೆವು. ಕಡ್ಡಿ ಅಲ್ಲಿದ್ದರೆ ನಡುವಿನವನು ಕಾಲು ಎಲ್ಲಿಡಬೇಕು?”

ಮನೆಗೆ ಬಂದು ಲೆಕ್ಕ ಹಾಕಿದೆವು. ಗೇರಿನ ಹಿಡಿಕೋಲು ಹತ್ತು ಮಿಲಿಮೀಟರ್ ದಪ್ಪವೆಂದರೆ ನಮಗೆ ಬೇಕಾದುದು 0.4 ಮಿಲಿಮೀಟರಿನ ತಂತಿ. ಗಾಜನ್ನು ಹೇಗೂ ಕಿತ್ತು ಬದಲಿಸಬೇಕಾಗಿತ್ತು. ಆ ದಾರಿಯಿಂದಲೇ ಚಿಮಟವನ್ನು ಒಳಗೆ ಇಳಿಸಿ, ನೆಲದ ಕಡ್ಡಿಯನ್ನು ತೆಗೆದು, ತಂತಿಯನ್ನು ಸ್ಟಿಯರಿಂಗಿನ ಕಂಬದ ಎಡಕ್ಕೆ ಕೂರಿಸಿದೆವು. ಬಿಳಿಯ ಅಂಟಿನಿಂದ.